ಐದು ಗುಣ, ಐದು ದೋಷ

ಅಂದಿನ ರಗಳೆಗೆಲ್ಲ ಮೂಲ ಒಂದು ಹೆಬ್ಬೆರಳು. ಅದೂ ತಕ್ಕಡಿ ಎಂದು ಕರೆಸಿಕೊಳ್ಳುವವನ ಸ್ವಂತ ಹೆಬ್ಬೆರಳಲ್ಲ.

ಪತ್ರಿಕೆಗೆ ವಿಡಿಯೋ ಗೇಮುಗಳ ಬಗ್ಗೆ ಬರೆಯುತ್ತಿದ್ದ ಹುಡುಗಿ ಹಿಂದಿನ ಸಂಜೆ ಬೀರುವಿನ ಬಾಗಿಲು ಹಾಕುವಾಗ ತನ್ನ ಹೆಬ್ಬೆರಳನ್ನು ಒಳಗೇ ಮರೆತಿದ್ದಳು. ಬೆಳಿಗ್ಗೆ ಆಫೀಸಿಗೆ ಬಂದಾಗ ಅದಕ್ಕೆ ಬದನೆಕಾಯಿ ಗಾತ್ರದ ಬ್ಯಾಂಡೇಜು. ಬೆರಳು ಸದಾ ಮೇಲಕ್ಕೆ ಎತ್ತಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ. "ಈ ವಾರದ ಗೇಮಿನ ಲೇಖನ ಸಂಜೆಯೊಳಗೆ ಆಗುತ್ತೇನಮ್ಮ?" ಎಂದು ಸಂಪಾದಕರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಎತ್ತಿದ ಹೆಬ್ಬೆರಳನ್ನು ನೋಡಿ "ಭೇಷ್" ಎಂದು ತಮ್ಮ ಕೋಣೆಗೆ ಹೋಗಿಬಿಟ್ಟರು. ಆಗುವುದಿಲ್ಲ ಎಂಬುದು ಅವರಿಗೆ ಮನದಟ್ಟಾಗುವ ಹೊತ್ತಿಗೆ ಅರ್ಧ ಬೆಳಗು ಕಳೆದಿತ್ತು.

ಮಾರುಕಟ್ಟೆಗೆ ಬಂದ ಸಾಮಾನುಗಳನ್ನು ಪರೀಕ್ಷಿಸಿ, ಕೊಳ್ಳಬಹುದೇ ಬಾರದೇ ಎಂದು ಓದುಗರಿಗೆ ಬುದ್ಧಿ ಹೇಳುವ ಪತ್ರಿಕೆ ಅದು. ಮಿಕ್ಸಿ, ಫ್ಯಾನು, ಛತ್ರಿ, ಇಸ್ತ್ರಿಪೆಟ್ಟಿಗೆಗಳು ತಕ್ಕಡಿಯ ಪಾಲು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಒಂದು ವಸ್ತುವನ್ನು ಮುರಿಯುವ ತನಕ ಬಳಸದೆ ಅದರ ಬಗ್ಗೆ ಬಾಯಿ ಬಿಡಬಾರದು ಎಂಬುದು ಅವನ ನಂಬಿಕೆ. ಮುರಿದ ಮೇಲೆ ಐದು ಗುಣ, ಐದು ದೋಷ ಬರೆಯುತ್ತಿದ್ದ. ಗುಣ ಆರಾದರೆ ಇನ್ನೊಂದು ದೋಷ ಹುಡುಕುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಆಫೀಸಿನವರು ತಕ್ಕಡಿ ಎಂದು ಹೆಸರಿಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ "ನಾನು ಹೇಗೆ ಅನ್ನಿಸ್ತೀನಿ?" ಎಂದು ಕೇಳಿದ್ದಳು. ಅವನು ಐದು ಗುಣ ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ನಿಮ್ಮ ಕೈಲಿ ಈಗ ಏನು ಕೆಲಸ ಇದೆ?" ಎಂದು ಸಂಪಾದಕರು ಅವನನ್ನು ಕರೆಸಿ ಕೇಳಿದರು.

"ಇಸ್ತ್ರಿಪೆಟ್ಟಿಗೆ ಬರಬೇಕು ಸಾರ್. ಲಾರಿ ದಾರೀಲಿ ಕೆಟ್ಟು ನಿಂತಿದೆಯಂತೆ."

"ಅಂದ್ರೆ ಕೆಲಸ ಇಲ್ಲ."

"ಇದೆ ಸಾರ್. ಬಂದಿಲ್ಲ, ಅಷ್ಟೆ."

ಸಂಪಾದಕರು ಕಣ್ಣನ್ನು ನಿಧಾನವಾಗಿ ಹಾಲಿನ ಮೂಲೆಗೆ ತಿರುಗಿಸಿದರು.

ಆ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ಫೋನು, ಎದುರಿಗೆ ಒಂದು ಕುರ್ಚಿ. ಪತ್ರಿಕೆಯ ಮಾತು ನಂಬಿ ಸಾಮಾನು ಕೊಂಡವರು ಆಮೇಲೆ ಬೈಯುವುದಕ್ಕೆಂದು ಇದ್ದ ಫೋನು ಅದು. ಅಲ್ಲಿ ವರ್ಷಗಟ್ಟಲೆ ಕೂತಿದ್ದ ಹಿರಿಯರು ಹೋದ ವಾರವಷ್ಟೇ ಕೆಲಸ ಬಿಟ್ಟಿದ್ದರು. ಅವರ ಎಡಗಿವಿ ಕೇಳುವುದನ್ನು ನಿಲ್ಲಿಸಿತ್ತು. ಬಲಗಿವಿ ಕೇಳಿದ್ದನ್ನು ಮೆದುಳಿಗೆ ದಾಟಿಸುವುದನ್ನು ನಿಲ್ಲಿಸಿತ್ತು. ಅಂದಿನಿಂದ ಆಫೀಸಿನಲ್ಲಿ ಯಾರೂ ಬರಿಗೈಯಲ್ಲಿ ಓಡಾಡುತ್ತಿರಲಿಲ್ಲ. ನೀರು ಕುಡಿಯಲು ಎದ್ದರೂ ಕಂಕುಳಲ್ಲಿ ಒಂದು ಫೈಲು. ಕೆಲಸವಿಲ್ಲದವನು ಕಣ್ಣಿಗೆ ಬಿದ್ದರೆ ಆ ಕುರ್ಚಿ ಅವನದಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಆ ಗೇಮಿನ ಪರೀಕ್ಷೆ ನಾನೇ ಮಾಡ್ತೀನಿ ಸಾರ್," ಎಂದ ತಕ್ಕಡಿ.

"ಹಿಂದೆ ಆಡಿದೀರಾ?"

"ನಾನು ಇಸ್ತ್ರಿಪೆಟ್ಟಿಗೆ ಪರೀಕ್ಷೆ ಮಾಡೋಕೆ ಮುಂಚೆ ಇಸ್ತ್ರಿ ಮಾಡಿದ್ದೆನಾ ಸಾರ್?"

ಸಂಪಾದಕರಿಗೆ ಈ ತರ್ಕ ಹಿಡಿಸಿತು. "ಸಂಜೆ ಐದಕ್ಕೆ ಲೇಖನ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ರೆ ನಾಳೆಯಿಂದ ಮೂಲೆ ಕುರ್ಚಿ."

ಹೆಬ್ಬೆರಳಿನ ಹುಡುಗಿ ಯಂತ್ರವನ್ನೂ ಆಟವನ್ನೂ ಒಂದು ಚೀಲಕ್ಕೆ ತುಂಬಿ ಕೊಟ್ಟಳು. "ಜಪಾನಿ ಶೈಲಿಯ ಆಕ್ಷನ್ ರೋಲ್ ಪ್ಲೇಯಿಂಗ್ ಗೇಮು ಸಾರ್. ಕತ್ತಿ ಹಿಡಿದ ಒಬ್ಬ ಹುಡುಗ ಇರ್ತಾನೆ. ನೀವು ಗುಂಡಿ ಒತ್ತಿದ ಹಾಗೆ ಹೊಡೀತಾನೆ. ಹೊಡೆದಷ್ಟೂ ಅನುಭವ ಸೇರಿ ಬಲ ಹೆಚ್ಚುತ್ತೆ. ಜೊತೆಗೆ ಗೆಳೆಯರು ಸಿಗ್ತಾರೆ, ದೊಡ್ಡ ಕತೆ ಇರುತ್ತೆ. ಮಾತು ಜಪಾನಿ, ಕೆಳಗೆ ನಮ್ಮ ಭಾಷೆ ಅಕ್ಷರ ಬರುತ್ತೆ. ಇನ್ನೊಂದು ವಿಷಯ ಸಾರ್..."

"ಸಾಕಮ್ಮ. ಪರೀಕ್ಷೆ ಮಾಡೋನು ಇನ್ನೊಬ್ಬರ ಮಾತು ಕೇಳಬಾರದು. ಕೇಳಿದ್ರೆ ಫಲಿತಾಂಶ ಕೆಡುತ್ತೆ."

ಹುಡುಗಿ ಮುಖ ತಿರುಗಿಸಿ ಹೊರಟಳು. ಹೆಬ್ಬೆರಳು ಮಾತ್ರ ಮೆಚ್ಚಿದಂತೆ ನಿಂತೇ ಇತ್ತು.

ಆಫೀಸಿನ ಟಿವಿಯನ್ನು ಅವನೇ ಹೋದ ತಿಂಗಳು ಪರೀಕ್ಷಿಸಿದ್ದ. ಅದರ ಚೂರುಗಳು ಇನ್ನೂ ಒಂದು ಡಬ್ಬಿಯಲ್ಲಿದ್ದವು. ಹಾಗಾಗಿ ಮನೆಗೇ ಹೋಗಬೇಕಾಯಿತು.

ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದ ಅತ್ತೆ ಅಳಿಯನ ಮುಖವನ್ನು, ಕೈಯ ಚೀಲವನ್ನು, ಗೋಡೆಯ ಗಡಿಯಾರವನ್ನು ಒಂದಾದ ಮೇಲೊಂದು ನೋಡಿದರು.

"ತೆಗೆದುಹಾಕಿದ್ರಾ?"

"ಇಲ್ಲ ಅತ್ತೆ. ಕೆಲಸವೇ ಇದು. ಸಂಜೆವರೆಗೂ ನಂಗೆ ಟಿವಿ ಬೇಕು."

"ಟಿವಿ ಮುಂದೆ ಕೂರೋದು ಯಾವಾಗಿಂದ ಕೆಲಸ ಆಯ್ತು? ಹಾಗಾದ್ರೆ ನನ್ನಷ್ಟು ದುಡಿದೋರು ಈ ಬೀದೀಲೇ ಇಲ್ಲ."

ಅತ್ತೆಯ ಧಾರಾವಾಹಿ ಅರ್ಧಕ್ಕೆ ನಿಂತಿತು. ಅದರ ಸೇಡಿಗೋ ಎಂಬಂತೆ ಅವರು ಸೋಫಾ ಬಿಟ್ಟು ಕದಲಲಿಲ್ಲ. ತಕ್ಕಡಿ ಮೊದಲು ಆಟದ ಗುಂಡಿಗಳಿದ್ದ ಕಂಟ್ರೋಲರನ್ನು ಅಡುಗೆಮನೆಯ ತೂಕದ ಯಂತ್ರದಲ್ಲಿಟ್ಟು ತೂಗಿದ. ಮೇಜಿನ ಎತ್ತರದಿಂದ ನೆಲಕ್ಕೆ ಬೀಳಿಸಿ ನೋಡಿದ. ಯಂತ್ರದ ಬೆನ್ನಿಗೆ ಜ್ವರ ನೋಡುವ ಥರ್ಮಾಮೀಟರ್ ಇಟ್ಟ.

"ಅದಕ್ಕೆ ಹುಷಾರಿಲ್ವಾ?" ಎಂದರು ಅತ್ತೆ.

ಕೊನೆಗೆ ಆಟ ಶುರುವಾಯಿತು. ಹಸಿರು ಬೆಟ್ಟ, ಅದರ ಮೇಲೆ ಗಾಳಿಗೆ ತೂಗುವ ಹುಲ್ಲು, ಹುಲ್ಲಿನ ನಡುವೆ ಒಬ್ಬ ಹುಡುಗ. ತಲೆಗೂದಲು ಸಿಡಿದ ಹತ್ತಿಕಾಯಿಯಂತೆ ಎಲ್ಲ ದಿಕ್ಕಿಗೂ ನಿಂತಿತ್ತು. ಬೆನ್ನಿಗೆ ಅವನಿಗಿಂತ ಉದ್ದದ ಕತ್ತಿ. ಬಿಳಿಗಡ್ಡದ ಊರ ಹಿರಿಯನೊಬ್ಬ ಬಂದು, ಲೋಕಕ್ಕೆ ಕೇಡುಗಾಲ ಬಂದಿದೆ, ಕತ್ತಲ ರಾಜ ಎದ್ದಿದ್ದಾನೆ ಎಂದು ಹೇಳತೊಡಗಿದ. ಹೇಳಿಯೇ ಹೇಳಿದ. ತಕ್ಕಡಿ ಮಾತು ಹಾರಿಸುವ ಗುಂಡಿಗೆ ಬೆರಳಿಟ್ಟ.

"ದೊಡ್ಡೋರು ಮಾತಾಡುವಾಗ ಗುಂಡಿ ಒತ್ತಬಾರದು ಅಳಿಯಂದ್ರೇ," ಎಂದರು ಅತ್ತೆ. "ಎಷ್ಟು ಮರ್ಯಾದೆಯಿಂದ ಮಾತಾಡ್ತಿದಾರೆ. ಇಂಥ ಹಿರಿಯರು ಈಗೆಲ್ಲಿ ಸಿಕ್ತಾರೆ?"

ಮಾತು ಮುಗಿದು ಊರ ಬಾಗಿಲು ದಾಟುತ್ತಲೇ ಮನೆಯಷ್ಟು ದೊಡ್ಡ ಕಪ್ಪೆಯೊಂದು ಎದುರಾಯಿತು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಎಂಬ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ಕಪ್ಪೆಯೇ ತಕ್ಕಡಿಯನ್ನು ತೂಗಿ ಬಿಸಾಡುವುದನ್ನು ಅಂದು ನೋಡಿದ. ನಾಲಿಗೆಯ ಒಂದು ಬೀಸಿಗೆ ಹುಡುಗ ನೆಲಕ್ಕೆ. ಆಟ ಮತ್ತೆ ಮೊದಲಿಂದ: ಬೆಟ್ಟ, ಹುಲ್ಲು, ಹಿರಿಯ, ಕೇಡುಗಾಲ. ಈ ಸಲ ಮಾತಿಗೆ ಅತ್ತೆಯೂ ಮೆಲ್ಲಗೆ ದನಿಗೂಡಿಸಿದರು.

ಕಪ್ಪೆ ಇನ್ನೊಂದೆರಡು ಸಲ ಹುಡುಗನನ್ನು ಕೆಡವಿದ ಮೇಲೆ ಎದುರು ಮನೆಯ ಡ್ರಿಲ್ ಮೇಷ್ಟ್ರು ಒಳಗೆ ಬಂದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಕೊರಳಲ್ಲಿ ಸೀಟಿ ಇತ್ತು. ಕೆಲಸದ ದಿನ ತಕ್ಕಡಿಯ ಚಪ್ಪಲಿ ಬಾಗಿಲಲ್ಲಿ ಕಂಡದ್ದೇ ಅವರು ಬರುವುದಕ್ಕೆ ಸಾಕಾದ ಕಾರಣ.

"ಏನಯ್ಯಾ, ಮನೇಲಿದೀಯ? ತೆಗೆದುಹಾಕಿದ್ರಾ?"

"ಇಲ್ಲ ಮೇಷ್ಟ್ರೇ. ಆಟ ಆಡಬೇಕು, ಐದು ಗಂಟೆಗೆ ಬರೆದು ಕೊಡಬೇಕು. ಕೊಡದಿದ್ರೆ ಮೂಲೆ ಕುರ್ಚಿ."

ಮೇಷ್ಟ್ರು ಪರದೆ ನೋಡಿದರು. "ಓಡೋ ರೀತಿ ನೋಡು ಅವನದು. ಎರಡೂ ಕೈ ಹಿಂದಕ್ಕೆ ಚಾಚಿ, ಮೂತಿ ಮುಂದಕ್ಕೆ. ನನ್ನ ಶಾಲೇಲಿ ಹೀಗೆ ಓಡಿದ್ರೆ ಮೈದಾನ ನಾಲ್ಕು ಸುತ್ತು ಹಾಕಿಸ್ತಿದ್ದೆ. ಕೊಡು ಇಲ್ಲಿ."

ಕಂಟ್ರೋಲರ್ ಮೇಷ್ಟ್ರ ಕೈಗೆ ಹೋಯಿತು. ಅವರು ಗುಂಡಿಗಳನ್ನು ನಂಬುವವರಲ್ಲ. ಹುಡುಗ ಎಡಕ್ಕೆ ಹೋಗಬೇಕಾದರೆ ತಾವೇ ಎಡಕ್ಕೆ ವಾಲಿದರು. ಹುಡುಗ ಹಾರಬೇಕಾದರೆ ತಾವೇ ಹಾರಿದರು. ಕಪ್ಪೆ ಎಲ್ಲಿತ್ತೋ ಅಲ್ಲೇ ಇತ್ತು. ಮನೆಯ ನೆಲ ಮಾತ್ರ ನಡುಗಿತು. ಸ್ವಲ್ಪ ಹೊತ್ತಿಗೆ ಕೆಳಗಿನ ಅಂಗಡಿಯ ಟೈಲರಮ್ಮ ಕೊರಳಿಗೆ ಅಳತೆ ಟೇಪು ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅವಳ ತಲೆಯ ಮೇಲೆ ಸುಣ್ಣದ ಪುಡಿ.

"ಅಣ್ಣಾ, ಯಾರದೋ ಹೊಸ ಕೋಟಿನ ಮೇಲೆ ಸೂರು ಉದುರ್ತಿದೆ. ಏನು ನಡೀತಿದೆ ಇಲ್ಲಿ? ನಿಮ್ಮನ್ನ ಕೆಲಸದಿಂದ..."

"ತೆಗೆದುಹಾಕಿಲ್ಲ," ಎಂದ ತಕ್ಕಡಿ.

ಜಗಳಕ್ಕೆಂದು ಬಂದವಳು ಪರದೆ ನೋಡಿ ಅಲ್ಲೇ ನಿಂತಳು. "ಆ ಹುಡುಗನ ಕೋಟು ಹೊಲಿದೋರು ಯಾರು? ತೋಳಿಗೆ ಮೂರು ಬೆಲ್ಟು, ತೊಡೆಗೆ ಎರಡು, ಭುಜಕ್ಕೊಂದು. ಒಂದೂ ಏನನ್ನೂ ಹಿಡಿದಿಲ್ಲ. ಜೇಬಿಗೆ ಮಾತ್ರ ಜಾಗ ಇಲ್ಲ. ಇದನ್ನ ಬರೀರಿ ಅಣ್ಣ, ದೋಷ ಅಂತ."

ತಕ್ಕಡಿಗೆ ಮಾತು ಸರಿ ಎನಿಸಿತು. ಬರೆದುಕೊಂಡ. ಒಂದು ದೋಷ ಸಿಕ್ಕಿತ್ತು. ಟೈಲರಮ್ಮ ಸೋಫಾದ ಕೈ ಮೇಲೆ ಕೂತಳು.

ಫೋನು ಬಂತು. ಸಂಪಾದಕರು.

"ಎಲ್ಲಿಗೆ ಬಂತು?"

"ಬೆಕ್ಕು ಹುಡುಕ್ತಿದೀವಿ ಸಾರ್."

"ನಿಮ್ಮದಾ?"

"ಅಲ್ಲ ಸಾರ್, ಆ ಊರಿನ ಅಜ್ಜಿದು."

ನಡೆದದ್ದು ಇಷ್ಟು. ಊರಿನೊಳಗೆ ಒಬ್ಬ ಅಜ್ಜಿ ತನ್ನ ಬೆಕ್ಕು ಕಳೆದಿದೆ, ಹುಡುಕಿಕೊಡಪ್ಪ ಎಂದು ಹುಡುಗನನ್ನು ಕೇಳಿದ್ದಳು. ಇಂಥ ಬಿಡಿ ಕೆಲಸ ಮಾಡಿದರೂ ಆಯಿತು, ಬಿಟ್ಟರೂ ಆಯಿತು ಎಂದು ಪರದೆಯ ಮೇಲೇ ಬರೆದಿತ್ತು. ಅತ್ತೆ ಒಪ್ಪಲಿಲ್ಲ. "ವಯಸ್ಸಾದೋಳು ಅಳ್ತಾ ನಿಂತಿದಾಳೆ. ಹಾಗೇ ಬಿಟ್ಟು ಹೋಗೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ಆಕಾಶ ಕೆಂಪಾಗಿದೆ ಅತ್ತೆ. ಲೋಕ ಮುಳುಗ್ತಿದೆ."

"ಮುಳುಗೋ ಮೊದಲು ಬೆಕ್ಕು ಸಿಗಲಿ."

ಬೆಕ್ಕು ಒಂದು ಬೇಲಿಯ ಆಚೆ ಕೂತಿತ್ತು. ಬೇಲಿ ಹುಡುಗನ ಮೊಣಕಾಲೆತ್ತರ. ಆದರೆ ಅವನು ಅದಕ್ಕೆ ಎದೆ ಕೊಟ್ಟು ನಿಂತಲ್ಲೇ ಓಡುತ್ತಿದ್ದ. "ಕಪ್ಪೆ ಮೇಲೆ ಮರದೆತ್ತರ ಹಾರ್ತಾನೆ, ಇಷ್ಟು ಬೇಲಿ ದಾಟಲ್ಲ," ಎಂದು ಮೇಷ್ಟ್ರು ಸಿಟ್ಟಾದರು. ಎರಡನೇ ದೋಷವೂ ಸಿಕ್ಕಿತು. ಊರೆಲ್ಲ ಸುತ್ತಿ ಹಿತ್ತಲಿಂದ ಹೋಗಿ ಬೆಕ್ಕು ತರುವಷ್ಟರಲ್ಲಿ ಊಟದ ಹೊತ್ತಾಯಿತು.

ಅಷ್ಟರಲ್ಲಿ ತಕ್ಕಡಿಗೆ ತನ್ನ ಕಸುಬು ನೆನಪಾಯಿತು. ಹೊಸ ಇಸ್ತ್ರಿಪೆಟ್ಟಿಗೆ ಬಂದಾಗ ಅವನು ಅದರ ಗುಂಡಿಯನ್ನು ಒತ್ತಿ ಹಿಡಿದೇ ಗಂಟೆಗಟ್ಟಲೆ ಬಿಡುತ್ತಿದ್ದ; ಬಾಳಿಕೆ ತಿಳಿಯಬೇಕಲ್ಲ. ಕಂಟ್ರೋಲರಿನ ಗುಂಡಿಗಳನ್ನೂ ಹಾಗೆ ನೋಡದೆ ವರದಿ ಬರೆಯುವುದು ಹೇಗೆ? ಟೈಲರಮ್ಮನಿಂದ ಬಟ್ಟೆಗೆ ಹಾಕುವ ದೊಡ್ಡ ಕ್ಲಿಪ್ಪೊಂದನ್ನು ಇಸಿದುಕೊಂಡು, ಹೊಡೆಯುವ ಗುಂಡಿಗೆ ಸಿಕ್ಕಿಸಿದ. ಊರಿನ ಅಂಗಳದಲ್ಲಿ ಕತ್ತಿವರಸೆ ಕಲಿಯಲು ನೆಟ್ಟ ಮರದ ಕಂಬವೊಂದಿತ್ತು. ಹುಡುಗನನ್ನು ಅದರ ಮುಂದೆ ನಿಲ್ಲಿಸಿ ಎಲ್ಲರೂ ಊಟಕ್ಕೆ ಎದ್ದರು. ಹುಡುಗ ಕಂಬವನ್ನು ಹೊಡೆಯುತ್ತಲೇ ಇದ್ದ. ಬಡಗಿಯಂಗಡಿ ಪಕ್ಕದಲ್ಲಿ ಕೂತು ಉಂಡ ಹಾಗಿತ್ತು.

ಊಟದ ಮೇಲೆ ಅತ್ತೆ, ಟಿವಿ ತನ್ನ ಪಾಡಿಗೆ ಕೆಲಸ ಮಾಡುತ್ತಿದೆಯಲ್ಲ ಎಂದು ಒಂದು ಗಳಿಗೆ ಕಣ್ಣು ಮುಚ್ಚಿದರು. ಮೇಷ್ಟ್ರೂ ಕುರ್ಚಿಯಲ್ಲೇ ಗೊರಕೆ ಹೊಡೆದರು. ಟೈಲರಮ್ಮ ಕೆಳಗೆ ಹೋಗಿ ಕೋಟಿನ ಸುಣ್ಣ ಕೊಡವಿ, ಒಂದು ತೋಳು ಹೊಲಿದು ಬಂದಳು. ತಕ್ಕಡಿ ಬೆರಳಲ್ಲಿ ಗುಂಡಿ ಸವೆದಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತ ಕೂತಿದ್ದ. ಹೊಡೆದಷ್ಟೂ ಬಲ ಹೆಚ್ಚುತ್ತದೆ ಎಂದು ಹುಡುಗಿ ಹೇಳಿದ್ದು ಹೊಡೆದದ್ದು ಕಂಬವಾದರೂ ಅನ್ವಯಿಸುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಬಾಡಿಗೆ ಆಟೋದ ಮೀಟರಿನಂತೆ ಏರುತ್ತಿತ್ತು. ಅವನು ಅದನ್ನು ಗಡಿಯಾರ ಎಂದುಕೊಂಡ.

ಕ್ಲಿಪ್ಪು ತೆಗೆದು ಮತ್ತೆ ಊರ ಬಾಗಿಲಿಗೆ ಹೋದರೆ ಕಪ್ಪೆ ನಾಲಿಗೆ ಚಾಚಿತು. ಹುಡುಗ ಕತ್ತಿಯನ್ನು ಒಂದು ಸಲ ಬೀಸಿದ. ಕಪ್ಪೆ ಹೊಗೆಯಾಯಿತು.

ತಕ್ಕಡಿ ಕಂಟ್ರೋಲರನ್ನು ತಿರುಗಿಸಿ ತಿರುಗಿಸಿ ನೋಡಿದ.

"ಊಟ ಆದ್ಮೇಲೆ ಕೈಗೆ ಬಲ ಬರುತ್ತೆ," ಎಂದರು ಮೇಷ್ಟ್ರು.

ಆಮೇಲಿನ ಆಟ ಉರುಳುವ ಚಕ್ರಕ್ಕೆ ಇಳಿಜಾರು ಸಿಕ್ಕಂತಾಯಿತು. ತೋಳ, ಜೇಡ, ಎರಡು ತಲೆಯ ಹಾವು, ಎಲ್ಲಕ್ಕೂ ಒಂದೊಂದೇ ಏಟು. ಜೊತೆಗೆ ಒಬ್ಬ ಗೆಳೆಯನೂ ಗಾಯ ವಾಸಿ ಮಾಡುವ ಹುಡುಗಿಯೊಬ್ಬಳೂ ಸಿಕ್ಕರು. ಗೆಳೆಯ ಎಲ್ಲಿ ಬೆಂಕಿ ಇದೆಯೋ ಹುಡುಕಿ ಅದರೊಳಗೇ ನಿಲ್ಲುತ್ತಿದ್ದ. ಆ ಹುಡುಗಿ ಯಾರಿಗೂ ಏನೂ ಆಗದಿದ್ದಾಗ ಮದ್ದು ಮಾಡುತ್ತಿದ್ದಳು.

"ಏಟು ಕೊಡೋ ಮೊದಲು ಏಟಿನ ಹೆಸರು ಕೂಗ್ತಾನಲ್ಲ," ಎಂದರು ಮೇಷ್ಟ್ರು. "ಎದುರಾಳಿಗೆ ಮೊದಲೇ ಗೊತ್ತಾಗಲ್ವಾ? ಯಾರಾದ್ರೂ ಹೀಗೆ ಜಗಳ ಆಡ್ತಾರಾ?"

"ನನ್ನ ನಾದಿನಿ ಆಡ್ತಿದ್ಲು," ಎಂದರು ಅತ್ತೆ. "ನಾನೀಗ ಪಾತ್ರೆ ಎಸೀತೀನಿ ಅಂತ ಕೂಗಿಯೇ ಎಸೀತಿದ್ಲು. ಅದು ಒಳ್ಳೇದೇ. ಬಗ್ಗೋಕೆ ಟೈಮ್ ಸಿಕ್ತಿತ್ತು. ಅದನ್ನ ಗುಣಕ್ಕೆ ಸೇರಿಸಿ."

"ದೋಷಕ್ಕೆ," ಎಂದರು ಮೇಷ್ಟ್ರು.

"ಗುಣ. ನಂದು ಟಿವಿ."

ಇಬ್ಬರ ನಡುವೆ ತಕ್ಕಡಿ ಅತ್ತಿತ್ತ ತೂಗಿ, ಕೊನೆಗೆ ಆ ಅಂಶವನ್ನೇ ಕೈಬಿಟ್ಟ. ಗಡಿಯಾರ ನಾಲ್ಕು ದಾಟಿತ್ತು. ಅವನ ಕಣ್ಣ ಮುಂದೆ ಕತ್ತಲ ರಾಜನಿಗಿಂತ ಮೂಲೆ ಕುರ್ಚಿಯೇ ಹೆಚ್ಚು ಸುಳಿಯುತ್ತಿತ್ತು.

ಅಂತೂ ಕಪ್ಪು ಕೋಟೆ ಬಂತು. ಮೆಟ್ಟಿಲ ಮೇಲೆ ಕತ್ತಲ ರಾಜ, ಬೆನ್ನಿಗೆ ಒಂದೇ ರೆಕ್ಕೆ. ಇನ್ನೊಂದು ರೆಕ್ಕೆಗೆ ಬಟ್ಟೆ ಸಾಲಲಿಲ್ಲವೇನೋ ಎಂದಳು ಟೈಲರಮ್ಮ. ರಾಜ ದೀರ್ಘವಾಗಿ ಏನೋ ಹೇಳಲು ಶುರು ಮಾಡಿದ. ತಕ್ಕಡಿ ಅತ್ತೆಯ ಮುಖ ನೋಡಿದ.

"ಒತ್ತಿ," ಎಂದರು ಅತ್ತೆ. "ಕೆಟ್ಟೋರ ಮಾತು ಕೇಳಬೇಕಾಗಿಲ್ಲ."

ಮಾತು ಹಾರಿತು. ಕತ್ತಿ ಬೀಸಿತು. ಒಂದೇ ಏಟಿಗೆ ರಾಜ ಬಿದ್ದ. ಬೀಳುವಾಗ ಹುಡುಗನ ಕಡೆ ಕೈ ಚಾಚಿ ಇನ್ನೇನೋ ಹೇಳಹೊರಟ. ತಕ್ಕಡಿ ಅದನ್ನೂ ಹಾರಿಸಿದ. ಆಕಾಶ ತಿಳಿಯಾಯಿತು. ಊರ ಜನ ಓಡಿ ಬಂದರು. ಬಿಳಿಗಡ್ಡದ ಹಿರಿಯ ಹುಡುಗನ ತಲೆಯ ಮೇಲೆ ಕೈಯಿಟ್ಟ. ಅಜ್ಜಿ ಬೆಕ್ಕನ್ನೆತ್ತಿಕೊಂಡು ನಿಂತಿದ್ದಳು. ಯಾರೋ ಹೆಂಗಸು ಎದೆ ಕರಗುವಂತೆ ಹಾಡತೊಡಗಿದಳು, ಆಟ ಮಾಡಿದವರ ಹೆಸರುಗಳು ಒಂದೊಂದಾಗಿ ಮೇಲಕ್ಕೆ ಏರತೊಡಗಿದವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಎದ್ದು ಸೆಟೆದು ನಿಂತರು.

ತಕ್ಕಡಿಗೆ ಹಾಡು ಕೇಳುವ ಬಿಡುವೆಲ್ಲಿ? ಊಟದ ಮೇಜಿಗೆ ಓಡಿ ಬರೆಯಲು ಕೂತ. ಬರವಣಿಗೆ ಎಂದೂ ಅಷ್ಟು ಸರಾಗವಾಗಿ ಬಂದಿರಲಿಲ್ಲ. ಗಾಳಿಗೆ ತೂಗುವ ಹುಲ್ಲೂ ಕಣ್ಣಿಗೆ ತಂಪಾದ ಬಣ್ಣಗಳೂ ಗುಣ. ಹಾಡು ಗುಣ. ಗುಂಡಿ ಒತ್ತಿದ ಕ್ಷಣವೇ ಕತ್ತಿ ಬೀಸುವುದು ಗುಣ. ದಾರಿ ತೋರುವ ಹಿರಿಯ ನಂಬಿಕೆಗೆ ಅರ್ಹ, ಮಕ್ಕಳಿಗೆ ಒಳ್ಳೆಯ ಮಾದರಿ. ಐದನೆಯದಾಗಿ, ಇಡೀ ಆಟ ಒಂದೇ ದಿನದಲ್ಲಿ ಮುಗಿಯುವುದರಿಂದ ಕೆಲಸಕ್ಕೆ ಹೋಗುವವರಿಗೆ ಬಹಳ ಅನುಕೂಲ. ದೋಷಗಳೂ ಸರಿಸಮ: ಉಪಯೋಗವಿಲ್ಲದ ಬೆಲ್ಟು, ದಾಟಲಾಗದ ಬೇಲಿ, ಬೆಂಕಿಯಲ್ಲಿ ನಿಲ್ಲುವ ಗೆಳೆಯ, ಸೋತಾಗಲೆಲ್ಲ ಮೊದಲಿಂದ ಕೇಳಬೇಕಾದ ಭಾಷಣ. ಕೊನೆಯದಾಗಿ, ಶತ್ರುಗಳ ಗಟ್ಟಿತನ ಸಾಲದು. ಕತ್ತಲ ರಾಜನಂತೂ ಕಳಪೆ ಛತ್ರಿಯಂತೆ ಮೊದಲ ಏಟಿಗೇ ಮಡಚಿಕೊಳ್ಳುತ್ತಾನೆ.

ಐದು, ಐದು. ಮುಳ್ಳು ನಡುವೆ ನಿಂತಿತು. ಹೊರಡುವಾಗ ಪರದೆಯ ಮೇಲೆ ಹೆಸರುಗಳು ಇನ್ನೂ ಏರುತ್ತಲೇ ಇದ್ದವು.

"ಆಫ್ ಮಾಡ್ಲಾ ಅತ್ತೆ?"

"ಹಾಡು ಮುಗೀಲಿ. ನೀವು ಹೋಗಿ."

ಐದಕ್ಕೆ ಸರಿಯಾಗಿ ಲೇಖನ ಸಂಪಾದಕರ ಮೇಜಿನ ಮೇಲಿತ್ತು. ಅವರು ಓದುತ್ತ ಓದುತ್ತ ತಲೆದೂಗಿದರು. "ಛತ್ರಿ ಹೋಲಿಕೆ ಚೆನ್ನಾಗಿದೆ. ಇಷ್ಟು ಖಚಿತವಾಗಿ ಆ ಹುಡುಗಿಯೂ ಬರೀತಿರಲಿಲ್ಲ. ಸರಿ, ಮೂಲೆ ಕುರ್ಚಿಗೆ ಬೇರೆಯವರನ್ನ ನೋಡ್ತೀನಿ." ಅಲ್ಲೇ ಕೂತು ಅದನ್ನು ಪತ್ರಿಕೆಯ ವೆಬ್‌ಸೈಟಿಗೆ ಏರಿಸಿಯೂ ಬಿಟ್ಟರು. ತಕ್ಕಡಿಯ ಮೈ ಹಗುರಾಯಿತು. ಲಾರಿ ರಿಪೇರಿಯಾಗಿ ಇಸ್ತ್ರಿಪೆಟ್ಟಿಗೆಗಳು ಬಂದಿದ್ದವು. ಒಂದನ್ನು ಎತ್ತಿಕೊಂಡು ಪ್ರೀತಿಯಿಂದ ಅದರ ತಳ ಸವರುತ್ತ ಚಹಾ ಕುಡಿದ.

ಚಹಾ ಮುಗಿಯುವ ಮೊದಲೇ ಮೂಲೆಯ ಫೋನು ಬಡಿದುಕೊಂಡಿತು.

"ಇದೊಂದು ಸಲ ಎತ್ತಿಬಿಡಿ," ಎಂದರು ಸಂಪಾದಕರು ಕೋಣೆಯೊಳಗಿಂದ.

ಒಂದು ಸಲ ತಾನೇ ಎಂದು ತಕ್ಕಡಿ ನಿಂತೇ ಎತ್ತಿದ.

"ಒಂದೇ ದಿನದಲ್ಲಿ ಮುಗಿಯುತ್ತೆ ಅಂತ ಬರೆದೋರು ಯಾರ್ರೀ?" ಎಂದಿತು ಒಂದು ಗಂಡು ದನಿ. "ನಾನು ರಜೆ ಹಾಕಿ ಆಡ್ತಿದೀನಿ, ವಾರ ಆಯ್ತು, ಅರ್ಧಾನೂ ಆಗಿಲ್ಲ. ನೀವು ಆಡಿದ್ದು ಪೀಠಿಕೆ ಸ್ವಾಮಿ. ಮುಂದಿನದನ್ನ ನಿಮ್ಮ ಪರವಾಗಿ ನಾನು ಬರೀಲಾ?"

ಇಟ್ಟ ತಕ್ಷಣ ಇನ್ನೊಂದು. ಈ ಸಲ ಹೆಂಗಸು, ತಣ್ಣಗಿನ ದನಿ. "ಆ ಹಿರಿಯನನ್ನ ನಂಬಬಹುದು ಅಂತ ಬರೆದಿದೀರಿ. ನಿಮಗೆ ಮನುಷ್ಯರ ಪರಿಚಯವೇ ಇಲ್ವಾ?"

ಹೆಬ್ಬೆರಳಿನ ಹುಡುಗಿ ಆ ದಾರಿಯಾಗಿ ಹೋಗುತ್ತಿದ್ದಳು. ತಕ್ಕಡಿ ಅವಳನ್ನು ತಡೆದು ನಿಲ್ಲಿಸಿದ.

"ಪೀಠಿಕೆ ಅಂದ್ರೆ ಏನಮ್ಮ? ರಾಜ ಸತ್ತ. ಹಾಡು ಬಂತು. ಹೆಸರುಗಳು ಬಂದವು."

"ಹಾಡು ಮುಗಿದ ಮೇಲೆ ಆಟದ ಹೆಸರು ಬಂತಾ ಸಾರ್?"

"ನಾನು ಅಷ್ಟೊತ್ತು ಇರ್ಲಿಲ್ಲ."

"ಆಟ ಶುರುವಾಗೋದೇ ಅಲ್ಲಿಂದ. ಮುಗೀತು ಅನ್ನಿಸಿ ಆಮೇಲೆ ಶುರು ಮಾಡ್ತಾರೆ. ಇಂಥ ಆಟಗಳಲ್ಲಿ ಅದೊಂದು ಕೀಟಲೆ. ಅದನ್ನೇ ಹೇಳೋಕೆ ಬಂದೆ ಬೆಳಿಗ್ಗೆ, ನೀವು ಸಾಕಮ್ಮ ಅಂದ್ರಿ."

ತಕ್ಕಡಿ ಹಿಂದೆ ಏನಿದೆ ಎಂದೂ ನೋಡದೆ ಕೂತುಬಿಟ್ಟ. ಹಿಂದಿದ್ದದ್ದು ಮೂಲೆ ಕುರ್ಚಿ. ಫೋನು ಮತ್ತೆ ಬಡಿಯಿತು. ಆಮೇಲೆ ಮತ್ತೆ. ಒಬ್ಬ ಬೆಲ್ಟುಗಳ ಪರವಾಗಿ ವಾದಿಸಿದ. ಒಬ್ಬಳು ಕಂಬದ ಮುಂದೆ ಎಷ್ಟು ಹೊತ್ತು ನಿಂತಿದ್ದಿರಿ ಎಂದು ನೇರವಾಗಿ ಕೇಳಿದಳು; ಅವನು ಫೋನು ಕೆಳಗಿಟ್ಟ.

ಸಂಪಾದಕರು ಕೋಣೆಯಿಂದ ಹೊರಬಂದರು. ತಕ್ಕಡಿ ಕ್ಷಮೆ ಕೇಳಲು ಬಾಯಿ ತೆರೆದ. ಆದರೆ ಅವರ ಕಣ್ಣು ಹೊಳೆಯುತ್ತಿತ್ತು.

"ಎಷ್ಟು ಫೋನು ಬಂದವು ನೋಡಿದ್ರಾ? ನಮ್ಮ ಪತ್ರಿಕೆ ಇಷ್ಟು ಜನ ಓದ್ತಾರೆ ಅಂತ ನನಗೇ ನಂಬಿಕೆ ಇರ್ಲಿಲ್ಲ. ಮಿಕ್ಸಿ ಸಿಡಿದಾಗಲೂ ಇಷ್ಟು ಜನ ಬೈದಿಲ್ಲ ರೀ." ಮತ್ತೆ ಫೋನು ಬಂತು. "ತಾಳಿ, ನಾನೂ ಕೇಳ್ತೀನಿ," ಎಂದು ಅವರು ಸ್ಪೀಕರ್ ಗುಂಡಿ ಒತ್ತಿದರು.

"ಹಲೋ. ದೂರು ತಗೊಳ್ಳೋದು ಇಲ್ಲೇನಾ?"

ದನಿ ತಕ್ಕಡಿಗೆ ಚೆನ್ನಾಗಿ ಗೊತ್ತಿತ್ತು. "ಅತ್ತೆ, ನಾನು."

"ಗೊತ್ತು. ಸುಮ್ನಿರಿ. ನಾನೀಗ ಪತ್ರಿಕೆ ಓದೋಳಾಗಿ ಮಾತಾಡ್ತಿದೀನಿ. ಯಾರೋ ಬರೆದಿರೋ ಲೇಖನ ಫೋನಲ್ಲಿ ಓದಿದೆ. ಬರೆದೋರು ಪೂರ್ತಿ ಆಡಿಲ್ಲ. ಹಾಡು ಮುಗಿದ ಮೇಲೆ ಆ ಬಿಳಿಗಡ್ಡದೋನು ಎದ್ದು ನಿಂತು ನಕ್ಕ ನೋಡಿ, ಮೈ ಉರಿದುಹೋಯ್ತು. ಎಲ್ಲ ಕೇಡಿನ ಮೂಲ ಅವನೇ. ಸತ್ತ ರಾಜ ಆ ಹುಡುಗನ ಸ್ವಂತ ಅಪ್ಪ. ಅದನ್ನ ಹೇಳೋಕೆ ಅಂತ್ಲೇ ಪಾಪ ಬಾಯಿ ತೆಗೆದಿದ್ದ. ಮಾತು ಹಾರಿಸಿದ್ರು."

"ಒತ್ತಿ ಅಂತ ನೀವೇ ಹೇಳಿದ್ರಿ ಅತ್ತೆ."

"ಒತ್ತಿದ್ದು ಯಾರ ಕೈ?" ಹಿನ್ನೆಲೆಯಲ್ಲಿ ಮೇಷ್ಟ್ರು ಧೊಪ್ಪನೆ ಹಾರಿದ ಸದ್ದು ಕೇಳಿತು. "ಮೇಷ್ಟ್ರೇ, ಎಡಕ್ಕೆ, ಎಡಕ್ಕೆ. ಇಲ್ಲಿ ಕೇಳಿ. ಈಗ ಬಂದಿರೋ ಶತ್ರುಗಳ ಮುಂದೆ ಆ ಕಂಬದ ಬಲ ಯಾವ ಮೂಲೆಗೂ ಸಾಲ್ತಿಲ್ಲ. ಆ ಅಜ್ಜಿ ಬೆಕ್ಕು ಈಗ ಮಾತಾಡುತ್ತೆ, ದಾರಿ ಹೇಳ್ತಿರೋದೇ ಅದು. ಅದನ್ನ ಹುಡುಕಿದ್ದು ಯಾರ ಹಟ ಅಂತ ಲೇಖನದಲ್ಲಿ ಒಂದು ಮಾತಿಲ್ಲ. ಇನ್ನು, ಕತೆ ಚೆನ್ನಾಗಿದೆ, ಆದ್ರೆ ಗೊತ್ತಾಗೋಕೆ ತಾಳ್ಮೆ ಬೇಕು. ಮನುಷ್ಯರ ಹಾಗೇನೇ. ಒಂದೇ ದಿನಕ್ಕೆ ಅಳೆದುಬಿಟ್ರೆ ಆಗಲ್ಲ."

ಸಂಪಾದಕರು ಸ್ಪೀಕರಿನ ಕಡೆ ಬಾಗಿದರು. ಬಹಳ ಮೃದುವಾಗಿ ಕೇಳಿದರು: "ಅಮ್ಮಾ, ನಾನು ಸಂಪಾದಕ. ಈಗ ಹೇಳಿದ್ದನ್ನೇ ಒಂದಿಷ್ಟು ಬರೆದು ಕೊಡ್ತೀರಾ? ಪ್ರತಿ ವಾರ? ಆ ಹುಡುಗಿಯ ಬೆರಳು ವಾಸಿಯಾಗೋಕೆ ತಿಂಗಳು ಬೇಕಂತೆ."

ಆ ಕಡೆ ಕತ್ತಿ ಬೀಸುವ ಸದ್ದು ನಿಂತಿತು.

"ಯಂತ್ರ ನಮ್ಮನೇಲೇ ಇರಬೇಕು."

"ಇರಲಿ ಅಮ್ಮ."

"ಗುಣ ಎಷ್ಟಿದೆಯೋ ಅಷ್ಟು ಬರೀತೀನಿ. ಎಣಿಸ್ತಾ ಕೂರೋಳಲ್ಲ."

"ಧಾರಾಳವಾಗಿ."

"ಇನ್ನೊಂದು ಮಾತು. ನಾನು ಇದ್ದಿದ್ದು ಇದ್ದ ಹಾಗೆ ಹೇಳೋಳು. ಓದಿದೋರಿಗೆ ಸಿಟ್ಟು ಬಂದು ಫೋನು ಮಾಡಿದ್ರೆ ಯಾರು ಉತ್ತರ ಕೊಡ್ತಾರೆ?"

ಸಂಪಾದಕರು ಕುರ್ಚಿಯ ಕಡೆ ನೋಡಿದರು.

"ಅದಕ್ಕೆ ಜನ ಇದ್ದಾರೆ ಅಮ್ಮ," ಎಂದರು. "ಈಗಷ್ಟೇ ಕೂತ್ರು."